ಉರಿಯದ ಕಾಮಣ್ಣನಿಗೆ ನೋಟಿಸು ಕೊಟ್ಟವರಿಗೆ

ಮಾಲಿನ್ಯ ನಿಯಂತ್ರಿಸುವ ಮಾನ್ಯ ಅಧಿಕಾರಿಗಳೇ,

ತಾವು ನಮ್ಮ ಕಾಮಣ್ಣನಿಗೆ ನೋಟಿಸು ಕಳಿಸಿದ್ದೀರಿ. ಕಾಮಣ್ಣ ನಮ್ಮ ಚಾಳಿನ ಬಾಡಿಗೆದಾರನಲ್ಲ, ಯಾವ ರೇಷನ್ ಕಾರ್ಡಿನಲ್ಲೂ ಅವನ ಹೆಸರಿಲ್ಲ. ಹೋಳಿ ಹುಣ್ಣಿಮೆಗೆ ನಾವು ಕಟ್ಟಿ, ಎದುರು ಕೂತು ಅತ್ತು, ಕೊನೆಗೆ ಸುಡುವ ಮನ್ಮಥನ ಬೊಂಬೆ ಅವನು. ಆ ಬೊಂಬೆ ಅಪಾಯಕಾರಿ ಹೊಗೆ ಬಿಟ್ಟ ಆರೋಪಕ್ಕೆ ಉತ್ತರ ಕೊಡಲು ಗುರುತಿನ ಚೀಟಿ ಸಮೇತ ಖುದ್ದಾಗಿ ತಮ್ಮ ಕಚೇರಿಗೆ ಬರಬೇಕಂತೆ. ಬರದಿದ್ದರೆ ಮುಂಬೈಯ ವಡಾಲದ ನಮ್ಮ ಚಾಳಿನ ಅಂಗಳದಲ್ಲಿ ಇನ್ನೆಂದೂ ಕಾಮದಹನಕ್ಕೆ ಅನುಮತಿ ಇಲ್ಲವಂತೆ. ಅದೇ ಅಂಗಳದ ಗೋಡೆಯಾಚೆ ಒಂದು ಗುಜರಿ ಸಾಮಾನಿನ, ಇಲ್ಲಿಯವರ ಮಾತಿನಲ್ಲಿ ಭಂಗಾರದ, ಗೋಡೌನಿದೆ. ಅಲ್ಲಿ ತಾಮ್ರ ತೆಗೆಯಲಿಕ್ಕೆಂದು ದಿನಾ ಸಂಜೆ ವೈರು ಸುಡುತ್ತಾರೆ. ಅವರಿಗೆ ಮಾತ್ರ ಈವರೆಗೆ ಒಂದು ಪೋಸ್ಟ್ ಕಾರ್ಡೂ ಬಂದಿಲ್ಲ. ವರ್ಷಕ್ಕೊಂದು ಸಂಜೆ ಹೊಗೆ ಬಿಟ್ಟವನು ಅಪರಾಧಿ, ವರ್ಷವಿಡೀ ಬಿಡುವವನು ಉದ್ಯಮಿ ಎಂಬುದು ಯಾವ ಕಾಯ್ದೆಯ ಯಾವ ಕಲಮಿನಲ್ಲಿದೆ, ದಯವಿಟ್ಟು ತಿಳಿಸಿ.

ನಾನು ಗುರುಪಾದ, ಇಂಡಿ ಕಡೆಯವನು. ಈ ಊರಿನಲ್ಲಿ ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದ ಮುಕಾದಮನಾಗಿ, ಆಳುಗಳ ಮೇಸ್ತ್ರಿಯಾಗಿ, ತಲೆ ಬೆಳ್ಳಗೆ ಮಾಡಿಕೊಂಡವನು. ಚಾಳಿನ ಕಾಮಣ್ಣ ಸಮಿತಿಗೆ ಸೆಕ್ರೆಟರಿ. ಆ ಹುದ್ದೆಯಲ್ಲಿ ಗೌರವ ಕಡಿಮೆ, ಬೈಗುಳ ಹೆಚ್ಚು. ಆ ಗೋಡೌನಿನ ಹೊಗೆಯ ಬಗ್ಗೆ ಮರಾಠಿಯಲ್ಲಿ ಬರೆಸಿಕೊಟ್ಟ ಅರ್ಜಿಗಳಿಗೆ ತಮ್ಮ ಕಚೇರಿ ಗುಂಡಗಿನ ಚಂದದ ಠಸ್ಸೆ ಹೊಡೆದುಕೊಟ್ಟಿತು, ಅದರಾಚೆ ಏನೂ ಆಗಲಿಲ್ಲ. ಆದ್ದರಿಂದ ಈಗ ನಾಲ್ಕು ಜನರ ಮುಂದೆ, ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೋಟಿಸು ಕಾಮಣ್ಣನ ಹೆಸರಿಗಿದೆ, ನಮ್ಮ ಕಾಮಣ್ಣನಿಗೆ ಬರುವುದು ಕನ್ನಡ ಒಂದೇ. ಅನುವಾದದ ಖರ್ಚು ತಮ್ಮದು.

ಮೊದಲು ನಮ್ಮ ಪದ್ಧತಿ ತಿಳಿದುಕೊಳ್ಳಿ, ಇಲ್ಲದಿದ್ದರೆ ತಪ್ಪು ಹೇಗಾಯಿತು ಎಂಬುದು ತಿಳಿಯುವುದಿಲ್ಲ. ನಮ್ಮ ಕಡೆ ಕಾಮಣ್ಣನನ್ನು ಕೊಂಡು ತಂದ ಕಟ್ಟಿಗೆಯಿಂದ ಸುಡುವುದಿಲ್ಲ, ಕದ್ದದ್ದರಿಂದಲೇ ಸುಡಬೇಕು. ಹುಣ್ಣಿಮೆ ಹತ್ತಿರ ಬಂತೆಂದರೆ ಹುಡುಗರು ಓಣಿ ಓಣಿ ತಿರುಗಿ ಸೆಗಣಿ ಕುಳ್ಳು, ಕಟ್ಟಿಗೆ, ಮುರುಕು ಬಾಗಿಲು, ಅಜ್ಜನ ಕುರ್ಚಿಯ ಕಾಲು, ಏನು ಸಿಕ್ಕರೆ ಅದನ್ನು ಎತ್ತಿಕೊಂಡು ಬರುತ್ತಾರೆ. ಕಳೆದುಕೊಂಡವರು ಬೈಯಬಹುದು, ಆದರೆ ಮನಸ್ಸಿಟ್ಟು ಬೈಯುವಂತಿಲ್ಲ. ಮುಂಬೈಗೆ ಬಂದ ಮೇಲೂ ನಾವು ಇದನ್ನು ನಿಷ್ಠೆಯಿಂದ ನಡೆಸಿಕೊಂಡು ಬಂದೆವು. ನಾನೂ ನಮ್ಮ ಹಿರಿಯ ಅಣವೀರಪ್ಪನೂ ವಯಸ್ಸಿನಲ್ಲಿದ್ದಾಗ ನಾವು ದುಡಿಯುವ ಸೈಟುಗಳಿಂದಲೇ ಸೆಂಟ್ರಿಂಗ್ ಹಲಗೆ ಎತ್ತುತ್ತಿದ್ದೆವು. ಹಗಲು ಅವನ್ನು ಕಾಯುವ ಸಂಬಳವೂ ನಮ್ಮದೇ, ಸಂಜೆ ಕದಿಯುವ ಪುಣ್ಯವೂ ನಮ್ಮದೇ. ಬೊರಿವಲಿಯಿಂದ ದಾದರಿನವರೆಗೆ ಎಷ್ಟೋ ಟವರುಗಳ ಸ್ಲ್ಯಾಬು ಹೊತ್ತ ಹಲಗೆಗಳು ನಮ್ಮ ಕಾಮಣ್ಣನ ಜೊತೆ ಸದ್ಗತಿ ಪಡೆದಿವೆ.

ಈಗ ಆ ಕಾಲ ಹೋಯಿತು. ಸೈಟುಗಳಲ್ಲಿ ಹಲಗೆಯ ಬದಲು ಅಲ್ಯುಮಿನಿಯಂ ಬಂದಿದೆ. ಅಲ್ಯುಮಿನಿಯಂ ಉರಿಯುವುದಿಲ್ಲ, ಕದ್ದರೆ ಹಬ್ಬವೂ ಆಗುವುದಿಲ್ಲ, ಎಫ್‌ಐಆರ್ ಆಗುತ್ತದೆ. ಮರ ಮುಟ್ಟಿದರೆ ಪಾಲಿಕೆಯವರು ಬರುತ್ತಾರೆ. ಇನ್ನು ಕುಳ್ಳಿನ ಕತೆ ಕೇಳಿ. ನನ್ನ ಅಕ್ಕನ ಮಗ ಶರಣು ಬೈಕಿನ ಮೇಲೆ ಮನೆಮನೆಗೆ ಪಾರ್ಸಲ್ ಮುಟ್ಟಿಸುವವನು. ಸಾಂತಾಕ್ರೂಜಿನ ಹದಿನಾರನೇ ಮಾಳಿಗೆಯೊಂದಕ್ಕೆ ಸೆಗಣಿ ಕುಳ್ಳಿನ ಡಬ್ಬಿ ಕೊಟ್ಟು ಬಂದು ಒಂದು ದಿನ ಊಟ ಬಿಟ್ಟು ಕೂತಿದ್ದ. "ಮಾಮಾ, ಕುಳ್ಳಿಗೂ ಬಾರ್‌ಕೋಡ್ ಹಚ್ಚ್ಯಾರ. ಮ್ಯಾಲ ಎಕ್ಸ್‌ಪೈರಿ ಡೇಟ್ ಬ್ಯಾರೆ ಐತಿ," ಎಂದ. ಹಾಗಾದರೆ ಅದನ್ನೇ ತರಿಸೋಣವೇ ಎಂದು ನಾನು ಕೇಳಿದ್ದೇ ತಪ್ಪಾಯಿತು. ನನ್ನ ಅವ್ವ ಇಂದ್ರಾಬಾಯಿ ಬಾಗಿಲಲ್ಲೇ ತಡೆದಳು. "ಕೊಂಡು ಸುಟ್ರ ಅದು ಕಾಮಣ್ಣ ಅಲ್ಲೋ ಗುರ್ಯಾ, ಕಸ. ಗಂಡಸರಾಗಿ ಒಂದಿಷ್ಟು ಕದಿಯಾಕ ಬರೂದಿಲ್ಲೇನು ನಿಮಗ?"

ಈ ಮಾತು ಶರಣುವಿಗೆ ನಾಟಿತು. ಮರುದಿನ ಅವನೂ ಅವನ ಗೆಳೆಯರೂ ಗೋಡೆ ಹಾರಿ ಗೋಡೌನಿಗೆ ಹೋಗಿ ಕೈತುಂಬ ಕದ್ದು ತಂದರು. ಹಳೇ ಡಬ್ಬಾ ಟಿವಿಗಳ ಬೆನ್ನು, ಕಂಪ್ಯೂಟರಿನ ಮುಖ, ಪ್ರಿಂಟರಿನ ಹೊಟ್ಟೆ, ಯಾವುದೋ ಆಫೀಸಿನ ಸೋಫಾದ ಸ್ಪಂಜು, ವೈರಿನ ಸುರುಳಿಗಳು. ಇಷ್ಟು ಚಂದದ ಕಾಮಣ್ಣನನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ, ಮಾನ್ಯರೇ. ಮಾನಿಟರಿನ ತಲೆ, ಟಿವಿಯ ಎದೆ, ಕಪ್ಪು ವೈರಿನ ಹುರಿ ಮೀಸೆ, ಕಬ್ಬಿನ ಬಿಲ್ಲಿನ ಜಾಗದಲ್ಲಿ ಬಾಗಿಸಿದ ಕೇಬಲ್ಲು, ಹೂಬಾಣಕ್ಕೆ ಐದು ಮುರುಕು ರಿಮೋಟು. ಚಾಳಿನ ಹೆಂಗಸರು ಬಂದು ಬಂದು ನೋಡಿ ಹೋದರು. ನನ್ನ ಹೆಂಡತಿ ಮಹಾದೇವಿ ಎರಡು ಸಲ ಬಂದಳು, ಕಾರಣ ಕೇಳಿದರೆ ಬಕೆಟ್ ಮರೆತಿದ್ದೆ ಎಂದಳು.

ಹುಣ್ಣಿಮೆಯ ಸಂಜೆ ಹಲಗೆ ವಾದ್ಯ ಬಡಿದೆವು. ಅಂಗೈ ಬಾಯಿಗೆ ಬಡಿದು ಲಬೋ ಲಬೋ ಎಂದೆವು. ಸತ್ತ ಕಾಮಣ್ಣನಿಗಾಗಿ ಅಳುವುದರಲ್ಲಿ ನಮ್ಮ ಅವ್ವನೇ ಮುಂದಾಳು. ಅವಳು ರಾಗ ತೆಗೆದರೆ ಹಾರ್ಬರ್ ಲೈನಿನ ಲೋಕಲ್ಲಿನಲ್ಲಿ ಹೋಗುವವರೂ ಕಿಟಕಿಯಿಂದ ಇಣುಕುತ್ತಾರೆ. ಅಣವೀರಪ್ಪ ಮಡಿಯುಟ್ಟು ಕರ್ಪೂರ ಹಚ್ಚಿದ. ಕರ್ಪೂರ ಚೆನ್ನಾಗಿ ಉರಿಯಿತು, ಉರಿದು ಮುಗಿಯಿತು. ಕಾಮಣ್ಣ ಹಾಗೇ ಕೂತಿದ್ದ. ಇನ್ನಷ್ಟು ಕರ್ಪೂರ, ಆಮೇಲೆ ಎಣ್ಣೆ ಬತ್ತಿ, ಆಮೇಲೆ ಶರಣುವಿನ ಬೈಕಿನ ಪೆಟ್ರೋಲು. ಪೆಟ್ರೋಲಿಗೆ ಒಮ್ಮೆ ಭಗ್ಗೆಂದು ಎದ್ದ ಉರಿ ಕಾಮಣ್ಣನ ಮೀಸೆ ಮುಟ್ಟಿ, ಏನೋ ತಪ್ಪು ಮಾಡಿದವರಂತೆ ಹಿಂದೆ ಸರಿದು ಆರಿಹೋಯಿತು. ಉಳಿದದ್ದು ಕರ್ರಗೆ, ಜಿಗುಟಾಗಿ, ಗಂಟಲು ಹಿಡಿಯುವ ಹೊಗೆ.

"ಹತ್ತವಲ್ದಲ್ಲೋ!" ಎಂದು ಅಣವೀರಪ್ಪ ಕೈಚೆಲ್ಲಿದ. "ಪರಮೇಶ್ವರಗ ಒಂದ ಕಣ್ಣು ಸಾಕಾಗಿತ್ತು. ನಾವು ಕಡ್ಡಿಪೆಟ್ಟಿಗಿ ಪೂರಾ ಖಾಲಿ ಮಾಡಿದ್ವಿ."

ಆಗ ನಡೆದದ್ದನ್ನು ತಮ್ಮ ಕಡತದಲ್ಲಿ ಸೇರಿಸಬೇಕೆಂದು ವಿನಂತಿ. ಸುಳ್ಳು ಅಳು ನಿಜವಾಯಿತು. ಇಡೀ ಚಾಳು ಕಣ್ಣು ಮೂಗು ಒರೆಸಿಕೊಳ್ಳುತ್ತ, ಕೆಮ್ಮುತ್ತ, ಎದೆ ಹಿಡಿದುಕೊಂಡು ಅತ್ತಿತು. ಕಾಮಣ್ಣನಿಗಾಗಿ ಇಷ್ಟು ಪ್ರಾಮಾಣಿಕವಾಗಿ ಯಾರೂ ಅತ್ತಿರಲಿಕ್ಕಿಲ್ಲ, ಅವನ ಹೆಂಡತಿ ರತಿಯೊಬ್ಬಳನ್ನು ಬಿಟ್ಟರೆ.

ಚಾಳಿನ ಮುಂದೆ ಹೋಟೆಲಿಟ್ಟಿರುವ ಉಡುಪಿ ಕಡೆಯ ಚೆನ್ನಯರ ಮಗಳು ಅನುರಾಧಾ ಮಾಟುಂಗಾದ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದುತ್ತಿದ್ದಾಳೆ. ಅವಳು ದುಪಟ್ಟಾ ಮೂಗಿಗೆ ಕಟ್ಟಿಕೊಂಡು ಓಡಿ ಬಂದು ನೀರು ಸುರಿಸಿದಳು. "ಅಂಕಲ್, ಇದು ಸುಡ್ಲಿಕ್ಕೆ ಆಗುದಿಲ್ಲ. ಮತ್ಲಬ್, ಸುಡಬಾರ್ದು ಅಂತಲೇ ಮಾಡಿದ್ದು. ಟಿವಿ ಗರಂ ಆಗಿ ಆಗ್ ಲಗ್ ಗಯೀ ತೋ? ಅದಕ್ಕೆ ಬೆಂಕಿ ಹತ್ತದ ಹಾಗೆ ಪ್ಲಾಸ್ಟಿಕ್‌ನಲ್ಲಿ ಫ್ಲೇಮ್ ರಿಟಾರ್ಡೆಂಟ್ ಹಾಕಿರ್ತಾರೆ, ಬ್ರೋಮಿನ್ ಇರುವ ಕೆಮಿಕಲ್. ಸೋಫಾದ ಫೋಮ್‌ಗೂ ಬೇರೆ ಬೇರೆ ಹಾಕ್ತಾರೆ." ಮಾನ್ಯರೇ, ನಾವು ಬೆಂಕಿಗೆಂದೇ ಕಟ್ಟಿದ ದೇವರನ್ನು ಬೆಂಕಿ ಹತ್ತಬಾರದೆಂದೇ ಮಾಡಿದ ಸಾಮಾನಿನಿಂದ ಕಟ್ಟಿದ್ದೆವು. ಇಂಥ ತಪ್ಪು ಮಾಡಲು ಶ್ರದ್ಧೆ ಬೇಕು.

ವೈರಿನ ಮೀಸೆಯ ಗುಟ್ಟನ್ನೂ ಅವಳೇ ಹೇಳಿದಳು. ಆ ಪ್ಲಾಸ್ಟಿಕ್ಕು ಹುಟ್ಟಿನಿಂದ ಗಟ್ಟಿ. ಬಾಗಲಿ ಎಂದು ಅದಕ್ಕೆ ಮೆತ್ತಗೆ ಮಾಡುವ ರಸಾಯನ ಬೆರೆಸುತ್ತಾರೆ, ಪ್ಲಾಸ್ಟಿಸೈಜರ್ ಎಂದು ಅದರ ಹೆಸರು. ಈ ಎರಡೂ ಜಾತಿಯ ರಸಾಯನಗಳು ಬಹುಮಟ್ಟಿಗೆ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರುವುದಿಲ್ಲವಂತೆ. ಬಾಡಿಗೆದಾರರ ಹಾಗೆ ಒಳಗಿದ್ದು, ನಿಧಾನಕ್ಕೆ ಹೊರಬಿದ್ದು ಮನೆಯ ಧೂಳು ಸೇರುತ್ತವೆ. ಧೂಳಿನಿಂದ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ. ಗಟಾರದಿಂದ ಸಮುದ್ರದ ಖಾಡಿಗೆ, ಖಾಡಿಯಿಂದ ಮೀನಿಗೆ, ಮೀನಿನಿಂದ ಮತ್ತೆ ನಮಗೆ. ಕೆಲವನ್ನು ತಾಯಿಯ ಎದೆಹಾಲಿನಲ್ಲೂ ಕಂಡಿದ್ದಾರಂತೆ. ಬೀದಿಯಲ್ಲಿ ಹೀಗೆ ಸುಟ್ಟರೆ ಇನ್ನೂ ಕೆಟ್ಟದ್ದು ಹುಟ್ಟುತ್ತದಂತೆ. ಮೆತ್ತಗೆ ಮಾಡುವ ಕೆಲವು ರಸಾಯನಗಳು ದೇಹದ ಹಾರ್ಮೋನುಗಳನ್ನು ಕೆದಕಿ ಗಂಡಸರ ಸಂತಾನಶಕ್ತಿಗೇ ಕೈಹಾಕುತ್ತವೆಂದು ಸಂಶೋಧಕರಿಗೆ ಸಂಶಯವಿದೆ ಎಂದು ಅವಳು ನೆಲ ನೋಡುತ್ತ ಹೇಳಿದಳು. ನಮ್ಮ ಗಂಡಸರೆಲ್ಲ ತಕ್ಷಣ ಎರಡು ಹೆಜ್ಜೆ ಹಿಂದೆ ಸರಿದರು. ಮನ್ಮಥನನ್ನು ಮುಗಿಸಲು ಶಿವನಿಗೆ ಮೂರನೇ ಕಣ್ಣು ತೆರೆಯಬೇಕಾಯಿತು, ನಮ್ಮ ಕಾಲಕ್ಕೆ ಇದೇ ರಸಾಯನ ಬೆರೆತ ಬಚ್ಚಲಮನೆಯ ಪ್ಲಾಸ್ಟಿಕ್ ಪರದೆಯೂ ಆ ಕೆಲಸಕ್ಕೆ ಅರ್ಜಿ ಹಾಕಿದೆ ಎಂದಾಯಿತು.

ನಗು ಬಂದರೆ ನಕ್ಕುಬಿಡಿ, ನಾವೂ ನಕ್ಕೆವು. ಆದರೆ ಆಮೇಲೆ ಆದದ್ದಕ್ಕೆ ನಗಲಾಗಲಿಲ್ಲ. ಕಾಮಣ್ಣನ ಕೆಂಡದಲ್ಲಿ ಹಸಿ ಕಡಲೆ ಸುಟ್ಟು ಚಾಳಿನ ಮಕ್ಕಳಿಗೆಲ್ಲ ಒಂದೊಂದು ಹಿಡಿ ಕೊಡುವುದು ಅವ್ವನ ಹಕ್ಕು. ವರ್ಷವಿಡೀ ಮಕ್ಕಳಿಗೆ ಹೊಟ್ಟೆನೋವು ಬರುವುದಿಲ್ಲ ಎಂದು ಅವಳ ನಂಬಿಕೆ. ಅವಳು ಕಡಲೆಯ ಗಿಡಗಳನ್ನು ಆಗಲೇ ಆ ಹೊಗೆಯಲ್ಲಿ ಹಿಡಿದಿದ್ದಳು. ಒಂದು ಕಾಳು ಸುಲಿದು ತನ್ನ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನ್ನ ಮೊಮ್ಮಗಳು ಶ್ರಾವ್ಯಾಳ ಕೈಗಿಟ್ಟಳು. ಅಗಿದ ಅವ್ವ ಥೂ ಎಂದು ಉಗುಳಿದಳು. ಮಗುವಿನ ಕೈಯಿಂದ ಕಾಳು ಕಿತ್ತು ಎಸೆದಳು. ಶ್ರಾವ್ಯಾ ಅಳತೊಡಗಿದಳು, "ದಾದೀ, ಮೇರಾ ಚನಾ!" ಮಕ್ಕಳಿಗೆ ಕೊಡುವುದನ್ನು ಬಿಟ್ಟು ಬೇರೇನೂ ಗೊತ್ತಿಲ್ಲದ ನನ್ನ ಅವ್ವ ಮಗುವಿನ ಕೈಯಿಂದ ಕಿತ್ತುಕೊಂಡದ್ದನ್ನು ನಾನು ಮೊದಲ ಸಲ ನೋಡಿದೆ. ನನಗೆ ಅಲ್ಲೇ ಹೊಟ್ಟೆ ಉರಿಯಿತು. ಅಂದು ಆ ಅಂಗಳದಲ್ಲಿ ಸರಿಯಾಗಿ ಉರಿದದ್ದು ಅದೊಂದೇ.

ಅಷ್ಟರಲ್ಲಿ ಎದುರಿನ ಟವರಿನವರು ಫೋನು ಮಾಡಿದ್ದರಿಂದ ತಮ್ಮ ಪರಿವೀಕ್ಷಕರು ಬಂದರು. ದಿನಾ ಸಂಜೆ ನಾವು ಫೋನು ಮಾಡಿದರೆ ಸಿಗದ ಅವರ ಸ್ಕೂಟರು ಟವರಿನವರಿಗೆ ಹೇಗೆ ಸಿಕ್ಕಿತೋ. ಬಂದವರು ಮೊಬೈಲಿನಿಂದ ಮುಖ ಎತ್ತದೆ, "ಯೇ ಧುವಾಂ ಕಿಸ್ಕಾ ಹೈ?" ಎಂದು ಹೊಗೆಯ ಒಡೆಯನನ್ನು ಕೇಳಿದರು. ಇಡೀ ಚಾಳು ಒಂದೇ ದನಿಯಲ್ಲಿ, "ಕಾಮಣ್ಣ ಕಾ!" ಎಂದಿತು. ಬರೆದುಕೊಂಡರು. "ಬಾಪ್ ಕಾ ನಾಮ್?" ಶರಣು ಪುರಾಣ ತಿಳಿದವನು, ಅಪ್ಪನ ಹೆಸರು "ವಿಷ್ಣು," ಎಂದ. ಬರೆದುಕೊಂಡರು. "ಕಾಮ್ ಕ್ಯಾ ಕರ್ತಾ ಹೈ?" "ಸಬ್ ಕೀ ಜೋಡಿ ಜಮಾತಾ ಹೈ, ಸಾಬ್." ಎಲ್ಲರ ಜೋಡಿ ಕೂಡಿಸುವವನು ಎಂದು ಅದನ್ನೂ ಬರೆದುಕೊಂಡರು. ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಹಾಗಾಗಿ ತಮ್ಮ ನೋಟಿಸು 'ಶ್ರೀ ಕಾಮಣ್ಣ ವಿಷ್ಣು, ವಧೂವರರ ಕೇಂದ್ರದ ಚಾಲಕರು' ಎಂಬ ವಿಳಾಸಕ್ಕೆ ಬಂದಿದೆ. ಪರಿವೀಕ್ಷಕರು ಒಂದೇ ಒಂದು ಸಲ ತಲೆ ಎತ್ತಿದ್ದರೆ ಆರೋಪಿ ಐದು ರಿಮೋಟು ಹಿಡಿದು ಎದುರಿಗೇ ಕೂತಿದ್ದ, ಗೋಡೆಯಾಚೆ ವೈರಿನ ಬೆಂಕಿಯೂ ಕಾಣುತ್ತಿತ್ತು.

ಆಮೇಲೆ ನಮಗೆ ಆರೋಪಿಯನ್ನು ಏನು ಮಾಡಬೇಕೆಂಬ ಚಿಂತೆ ಹಿಡಿಯಿತು. ಕಸ ಒಯ್ಯುವ ಪಾಲಿಕೆಯ ಘಂಟಾಗಾಡಿಯವರು ಇವನು ಹಸಿ ಕಸವೂ ಅಲ್ಲ, ಒಣ ಕಸವೂ ಅಲ್ಲ ಎಂದರು. ಇ-ಕಸ ಸಂಗ್ರಹಿಸುವ ಕಡೆ ಸ್ಪಂಜು ಬೇಡ, ಟಿವಿಯ ಮಷೀನು ಇದ್ದರೆ ಮಾತ್ರ ತನ್ನಿ, ಬರೀ ಡಬ್ಬಿ ಯಾರಿಗೆ ಬೇಕು ಎಂದರು. ಕದ್ದದ್ದನ್ನು ವಾಪಸು ಕೊಡೋಣವೆಂದು ಮಾನ ಬಿಟ್ಟು ಗೋಡೌನಿಗೆ ಹೋದರೆ ಅಲ್ಲಿಯ ಸೇಟು, "ಅಪನಾ ಮಾಲ್ ನಹೀಂ ಹೈ, ಅಪನಾ ತೋ ಸಿರ್ಫ್ ಕಾಗಜ್ ಕಾ ಧಂಧಾ," ಈ ಮಾಲು ತನ್ನದಲ್ಲ, ತನ್ನದು ಬರೀ ಕಾಗದದ ವ್ಯಾಪಾರ ಎಂದು ವೈರಿನ ರಾಶಿಯ ಮೇಲೆ ಕೂತೇ ಹೇಳಿದ. ಸಮುದ್ರಕ್ಕೆ ಹಾಕಲು ನಮಗೇ ಮನಸ್ಸು ಬರಲಿಲ್ಲ, ಅಲ್ಲಿಂದ ಮೀನಿನ ಹೊಟ್ಟೆ ಸೇರಿ ಚೆನ್ನಯರ ಹೋಟೆಲಿಗೇ ಬರುತ್ತಾನೆ. ಅಂತೂ ಅರ್ಧ ಕರಕಲಾದ ಮನ್ಮಥ ಅಂಗಳದಲ್ಲೇ ಕೂತ. ಹೆಂಗಸರು ಅವನ ಬಿಲ್ಲಿಗೆ ಬಟ್ಟೆ ಒಣಹಾಕಿದರು. ಸುಡದೆ ಬಣ್ಣ ಆಡಬಾರದೆಂದು ಅವ್ವ ತಡೆದಳು. ಈ ವರ್ಷ ನಮ್ಮ ಚಾಳಿನವರು ಬಿಳೀ ಬಟ್ಟೆಯಲ್ಲೇ ಬೇಜಾರಿನಿಂದ ಓಡಾಡಿದರು.

ಒಂದು ಮಧ್ಯಾಹ್ನ ನಾವೆಲ್ಲ ಕೆಲಸಕ್ಕೆ ಹೋಗಿದ್ದಾಗ ಗೋಡೌನಿನ ಇಬ್ಬರು ಬಂದು ಅವನನ್ನು ಕೈಕಾಲು ಹಿಡಿದು ಹೊತ್ತೊಯ್ದರು. ಡಬ್ಬಿಯ ಪ್ಲಾಸ್ಟಿಕ್ಕಿಗೂ ಗಿರಾಕಿ ಸಿಕ್ಕಿರಬೇಕು. ನೋಡಿದವಳು ಮಹಾದೇವಿ. ತಡೆಯಲಿಲ್ಲವೇ ಎಂದು ನಾನು ಕೂಗಾಡಿದೆ. ಅವಳು ಶಾಂತವಾಗಿ, "ಹೆಣ ಒಯ್ಯೂವಾಗ ಯಾರರ ತಡೀತಾರೇನ್ರಿ? ಒಬ್ಬಾಕಿನ ನಿಂತು ಲಬೋ ಲಬೋ ಅಂದೆ, ಅಷ್ಟ. ಪಾಪ, ಅವರೂ ಹೆದರಿ ಓಡಿದ್ರು," ಎಂದಳು. ನಾವು ಅವರಿಂದ ಕದ್ದೆವು, ಅವರು ನಮ್ಮಿಂದ ಕದ್ದರು. ಪದ್ಧತಿಯ ಪ್ರಕಾರ ಇಬ್ಬರೂ ಬೈಯುವಂತಿಲ್ಲ.

ಇದಾಗಿ ಕೆಲ ವಾರಕ್ಕೆ ಮಹಾದೇವಿ ಲೋಕಲ್ಲಿನಲ್ಲಿ ಮಾರುವವಳ ಬುಟ್ಟಿಯಿಂದ ದೋಸೆ ಮಗುಚುವ ಕರಿ ಪ್ಲಾಸ್ಟಿಕ್ ಸಟ್ಟುಗ ತಂದಳು. ಜೊತೆಗೆ ಶ್ರಾವ್ಯಾಳಿಗೆ ಕರಿ ಬಾಚಣಿಗೆ. ಅದರಿಂದ ಮಗುಚಿದ ಮೊದಲ ದೋಸೆ ನಾನು ತಿಂದೆ, ಎರಡನೆಯದಕ್ಕೆ ಚೆನ್ನಾಗಿ ಕಾದ ಕಾವಲಿಗೆ ಸಟ್ಟುಗ ತಾಗಿದ ಗಳಿಗೆಗೆ ಮನೆಯೆಲ್ಲ ಒಂದು ವಾಸನೆ. ಒಳಕೋಣೆಯಲ್ಲಿ ಮಲಗಿದ್ದ ಅವ್ವ ಎದ್ದು ಕೂತು, "ಯಾರೋ ಬಂದ್ರು ನೋಡ್ರಿ. ಕಾಮಣ್ಣ ಬಂದ್ನೇನು?" ಎಂದಳು. ಮಹಾದೇವಿ ಸಟ್ಟುಗ ನೆಲಕ್ಕೆ ಹಾಕಿದಳು. ಅನುರಾಧಾಳನ್ನು ಕರೆಸಿದೆವು. ಹಳೇ ಟಿವಿ ಕಂಪ್ಯೂಟರುಗಳ ಕರಿ ಪ್ಲಾಸ್ಟಿಕ್ಕು ಕರಗಿ ಅಡುಗೆಮನೆಯ ಸಾಮಾನು, ಆಟಿಕೆ ಆಗಿ ಬರುವುದುಂಟು ಎಂದಳು. ಹಾಗೆಂದು, "ಕರಿದೆಲ್ಲ ಹೀಗೇ ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಂಕಲ್. ಟೆಸ್ಟ್ ಮಾಡ್ಬೇಕು. ಟೆಸ್ಟ್ ಮಾಡುವವ್ರು ನಾವಲ್ಲ, ಅವ್ರು," ಎಂದು ತಮ್ಮ ಕಚೇರಿಯಿರುವ ದಿಕ್ಕಿಗೆ ಕೈ ತೋರಿಸಿದಳು. ತಮ್ಮ ಬಗ್ಗೆ ಆ ಹುಡುಗಿ ಇನ್ನೂ ಇಷ್ಟು ನಂಬಿಕೆ ಇಟ್ಟುಕೊಂಡಿರುವುದು ನನಗೆ ಆಶ್ಚರ್ಯ.

ಆದ್ದರಿಂದ ಮಾನ್ಯರೇ, ವಿಚಾರಣೆಯ ದಿನ ಕಾಮಣ್ಣ ವಿಷ್ಣು ಇಡಿಯಾಗಿ ಹಾಜರಾಗಲಾರ. ತಲೆ ಎಲ್ಲೋ ಸಟ್ಟುಗವಾಗಿದೆ, ಎದೆ ಎಲ್ಲೋ ಬಾಚಣಿಗೆಯಾಗಿದೆ, ಮೀಸೆ ಹೊಗೆಯಾಗಿ ನಮ್ಮ ಎದೆಗೂಡಿನಲ್ಲಿದೆ. ಪುರಾಣದಲ್ಲಿ ದೇಹ ಕಳಕೊಂಡು ಅನಂಗನಾದವನು ಈಗ ಎಲ್ಲರ ಮನೆಯಲ್ಲೂ ಅಂಗಾಂಗವಾಗಿ ಹಂಚಿಹೋಗಿದ್ದಾನೆ. ಆದರೆ ಗೈರುಹಾಜರಿ ಎಂದು ಬರೆಯುವ ಮುನ್ನ ಒಮ್ಮೆ ತಮ್ಮ ಮನೆಯ ಅಡುಗೆಮನೆಯ ಡ್ರಾ ಎಳೆದು ನೋಡಿ. ಅವನು ತಮಗಿಂತ ಮೊದಲೇ ಅಲ್ಲಿಗೆ ಬಂದಿರಬಹುದು. ಗುರುತಿನ ಚೀಟಿ ಕೇಳಬೇಡಿ, ಕಾವಲಿ ಬಿಸಿ ಮಾಡಿ.

ನಮ್ಮ ಬೇಡಿಕೆ ದೊಡ್ಡದಲ್ಲ. ವಿಚಾರಣೆಯನ್ನು ತಮ್ಮ ಎಸಿ ಕೋಣೆಯಲ್ಲಿ ಬೇಡ, ನಮ್ಮ ಅಂಗಳದಲ್ಲಿ ನಡೆಸಿ. ಸಂಜೆ ಬನ್ನಿ, ಗೋಡೌನಿನವರು ವೈರಿಗೆ ಬೆಂಕಿ ಇಡುವ ಹೊತ್ತಿಗೆ. ಕುರ್ಚಿ ನಾವು ಹಾಕುತ್ತೇವೆ, ಉಸಿರು ತಾವೇ ಎಳೆದುಕೊಳ್ಳಿ. ಆ ಬೆಂಕಿ ನಿಲ್ಲಿಸಿ. ಅಲ್ಲಿ ದುಡಿಯುವ ಇಬ್ಬರು ನಮಗಿಂತ ಹೆಚ್ಚು ಹೊಗೆ ಕುಡಿಯುತ್ತಾರೆ, ಅವರನ್ನು ಹಿಡಿಯದೆ ಸೇಟನ್ನು ಕೇಳಿ. ಮಕ್ಕಳ ಕೈಗೆ ಬರುವ ಕರಿ ಸಾಮಾನನ್ನು ಪರೀಕ್ಷಿಸಿ, ಸುಡಲೂ ಆಗದ, ಎಸೆಯಲೂ ಆಗದ ವಸ್ತುವನ್ನು ಎಲ್ಲಿಡಬೇಕೆಂದು ಒಂದು ವಿಳಾಸ ಕೊಡಿ. ನಾವು ಹೊತ್ತು ತಂದು ಮುಟ್ಟಿಸುತ್ತೇವೆ. ನಮ್ಮ ತಪ್ಪಿಗೆ ದಂಡ ಹಾಕಿದರೆ ತೆರುತ್ತೇವೆ, ಮುಂದಿನ ವರ್ಷದಿಂದ ಕಟ್ಟಿಗೆ ಕುಳ್ಳು ಬಿಟ್ಟು ಬೇರೇನನ್ನೂ ಕದಿಯುವುದಿಲ್ಲ ಎಂದು ಬರೆದುಕೊಡುತ್ತೇವೆ. ಕಾಮದಹನ ಮಾತ್ರ ಕಸಿಯಬೇಡಿ. ಅವ್ವನಿಗೆ ಕೈತುಂಬ ಕೊಡಲು ಉಳಿದಿರುವುದು ಅದೊಂದೇ ಹಬ್ಬ.

ಮುಂದಿನ ಫಾಲ್ಗುಣದ ಹುಣ್ಣಿಮೆಗೆ ತಾವು ಬರಲೇಬೇಕು. ಅವ್ವ ಈಗಲೇ ತೀರ್ಮಾನಿಸಿದ್ದಾಳೆ, ನಮ್ಮ ಅಂಗಳದ ಗಾಳಿ ಶುದ್ಧವಾಗಿದೆ ಎಂಬ ಸರ್ಟಿಫಿಕೇಟು ಅವಳಿಗೆ ಬೇಡ. ಕೆಂಡದಲ್ಲಿ ಸುಟ್ಟ ಕಡಲೆಯ ಮೊದಲ ಹಿಡಿಯನ್ನು ತಮ್ಮ ಕೈಗೆ ಹಾಕುತ್ತಾಳೆ. ತಾವು ಎಲ್ಲರೆದುರು ಅಗಿದು ನುಂಗಿದ ಮೇಲೆ ಎರಡನೇ ಹಿಡಿ ಶ್ರಾವ್ಯಾಳಿಗೆ.

ಇಂತಿ,
ಆರೋಪಿಯನ್ನು ಸುಡಲೂ ಆಗದೆ, ಹಾಜರುಪಡಿಸಲೂ ಆಗದೆ,
ಅವನದೇ ಸಟ್ಟುಗ ಮಗುಚಿದ ಒಂದು ದೋಸೆ ತಿಂದುಬಿಟ್ಟ
ಗುರುಪಾದ
ಸೆಕ್ರೆಟರಿ, ಕಾಮಣ್ಣ ಸಮಿತಿ, ವಡಾಲ